ಒಂದು ಮೋರಿಯಿಂದ ಹುಟ್ಟಿದ ಒಕ್ಕೂಟ: ರೂರ್ ಪ್ರದೇಶದ ಊರುಗಳು ಒಂದಾದ ಬಗೆ

ಜರ್ಮನಿಯ ಪಶ್ಚಿಮದಲ್ಲಿ ಡ್ಯೂಸ್‌ಬುರ್ಗ್‌ನಿಂದ ಡಾರ್ಟ್‌ಮುಂಡ್‌ಗೆ ರೈಲು ಹತ್ತಿದರೆ ಒಂದು ಊರು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೋ ತಿಳಿಯುವುದಿಲ್ಲ. ಮ್ಯೂಲ್‌ಹೈಮ್, ಎಸೆನ್, ಬೋಖುಮ್ ಎಂದು ನಿಲ್ದಾಣದ ಫಲಕಗಳು ಬದಲಾಗುತ್ತವೆ, ಮನೆಗಳ ಸಾಲು ಮಾತ್ರ ಹಾಗೇ ಸಾಗುತ್ತದೆ. ಒಟ್ಟು 53 ಊರುಗಳು, ಸುಮಾರು 51 ಲಕ್ಷ ಜನ, 4,400 ಚದರ ಕಿಲೋಮೀಟರಿಗೂ ಹೆಚ್ಚು ನೆಲ. ಇಷ್ಟಿದ್ದೂ ಎಲ್ಲಕ್ಕೂ ಸೇರಿ ಒಬ್ಬ ಮೇಯರ್ ಇಲ್ಲ. ಸರ್ಕಾರಿ ನಕ್ಷೆಯಲ್ಲಿ ಈ ಪ್ರದೇಶ ಡ್ಯುಸೆಲ್‌ಡಾರ್ಫ್, ಮ್ಯೂನ್‌ಸ್ಟರ್, ಆರ್ನ್ಸ್‌ಬೆರ್ಗ್ ಎಂಬ ಮೂರು ಆಡಳಿತ ವಿಭಾಗಗಳಿಗೆ ಹಂಚಿಹೋಗಿದೆ. ಆ ಮೂರರ ಕೇಂದ್ರ ಕಚೇರಿಗಳೂ ಪ್ರದೇಶದ ಹೊರಗೇ ಇವೆ. ಹೀಗೆ ಹರಿದು ಹಂಚಿದ ಊರುಗಳನ್ನು ಮೊದಲ ಸಲ ಒಂದೆಡೆ ಕೂರಿಸಿದ್ದು ಕೊಳಚೆ ನೀರು.

ಇಲ್ಲಿ ಮೂರು ನದಿಗಳು ಹೆಚ್ಚುಕಡಿಮೆ ಸಮಾನಾಂತರವಾಗಿ ಪೂರ್ವದಿಂದ ಪಶ್ಚಿಮಕ್ಕೆ ಹರಿದು ರೈನ್ ಸೇರುತ್ತವೆ. ದಕ್ಷಿಣದ ಗುಡ್ಡಗಳಿಂದ ಬರುವ ರೂರ್, ಉತ್ತರದ ಬಯಲಿನ ಲಿಪ್ಪೆ, ನಡುವೆ ಪುಟ್ಟ ಎಮ್ಷರ್. ಕಲ್ಲಿದ್ದಲಿನ ಪದರಗಳು ರೂರ್ ದಂಡೆಯಲ್ಲಿ ನೆಲಮಟ್ಟಕ್ಕೇ ಬಂದಿದ್ದರೆ, ಉತ್ತರಕ್ಕೆ ಹೋದಷ್ಟೂ ಆಳಕ್ಕೆ ಇಳಿಯುತ್ತವೆ. ಹಾಗಾಗಿ ಗಣಿಗಾರಿಕೆ ದಕ್ಷಿಣದಲ್ಲಿ ಹುಟ್ಟಿ, ಆಳದ ಬಾವಿ ತೋಡುವ ಯಂತ್ರಗಳು ಬಂದಂತೆ 19ನೇ ಶತಮಾನದಲ್ಲಿ ಎಮ್ಷರ್ ಬಯಲಿಗೆ ದಾಟಿತು. ಹಳ್ಳಿಗಳಾಗಿದ್ದ ಗೆಲ್ಸೆನ್‌ಕಿರ್ಷೆನ್, ಹೆರ್ನೆ, ಓಬರ್‌ಹೌಸೆನ್ ಒಂದೆರಡು ತಲೆಮಾರಿನಲ್ಲಿ ನಗರಗಳಾದವು.

ಬೆಳೆದ ನಗರ ಕೊಳಚೆಯನ್ನು ಎಲ್ಲಿಗೆ ಬಿಡಬೇಕು? ರೂರ್ ಕುಡಿಯುವ ನೀರಿನ ನದಿ. ಲಿಪ್ಪೆಯ ನೀರು ಕಾರ್ಖಾನೆಗಳಿಗೆ, ಕಾಲುವೆಗಳಿಗೆ ಬೇಕು. ಉಳಿದದ್ದು ಎಮ್ಷರ್. ಅದೋ ಇಳಿಜಾರೇ ಇಲ್ಲದೆ ಅಂಕುಡೊಂಕಾಗಿ ಹರಿಯುತ್ತಿದ್ದ ತೊರೆ. ಅದರ ಅಡಿಯಲ್ಲಿ ಕಲ್ಲಿದ್ದಲು ತೆಗೆದಂತೆ ಮೇಲಿನ ನೆಲ ಕುಸಿಯಿತು, ಹರಿಯುತ್ತಿದ್ದ ಕಡೆ ನೀರು ನಿಂತಿತು, ಮಳೆ ಜೋರಾದರೆ ಗಣಿಯ ನೀರೂ ಮನೆಯ ಮಲವೂ ಬೀದಿಗೆ ನುಗ್ಗಿದವು. ಮೇಲಿನ ಊರು ಮೋರಿ ತೋಡಿ ಕೆಳಗಿನ ಊರಿಗೆ ಬಿಡುತ್ತಿತ್ತು, ಕೆಳಗಿನ ಊರು ನ್ಯಾಯಾಲಯಕ್ಕೆ ಹೋಗುತ್ತಿತ್ತು. ಯಾವ ಊರೂ ತನ್ನ ಗಡಿಯೊಳಗೆ ಇದನ್ನು ಸರಿಪಡಿಸುವಂತಿರಲಿಲ್ಲ. ಇಳಿಜಾರು ಬೇಕಾದರೆ ಉಗಮದಿಂದ ರೈನ್‌ವರೆಗೂ ಇಡೀ ನದಿಯ ತಳವನ್ನೇ ಒಂದೇ ಲೆಕ್ಕದಲ್ಲಿ ಕೊರೆಯಬೇಕಿತ್ತು.

1899ರ ಡಿಸೆಂಬರ್ 14ರಂದು ನಗರಗಳು, ಗಣಿಗಳು ಮತ್ತು ಕಾರ್ಖಾನೆಗಳ ಪ್ರತಿನಿಧಿಗಳು ಬೋಖುಮ್‌ನಲ್ಲಿ ಸೇರಿ ಎಮ್ಷರ್‌ಗೆನೋಸೆನ್‌ಶಾಫ್ಟ್, ಅಂದರೆ ಎಮ್ಷರ್ ಸಹಕಾರ ಸಂಘ, ಕಟ್ಟಿದರು. ಎರಡು ವರ್ಷ ಕಳೆಯುವುದರೊಳಗೆ, 1901ರಲ್ಲಿ, ಗೆಲ್ಸೆನ್‌ಕಿರ್ಷೆನ್‌ನಲ್ಲಿ ವಿಷಮಶೀತ ಜ್ವರ ಹಬ್ಬಿತು. ಮೂರು ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, ನೂರಾರು ಜನ ಸತ್ತರು. ತನಿಖೆಗೆ ಹೆಸರಾಂತ ರೋಗಾಣು ವಿಜ್ಞಾನಿ ರಾಬರ್ಟ್ ಕಾಖ್ ಅವರೇ ಬಂದರು. ನೀರಿನ ಕಂಪನಿ ರೂರ್ ನದಿಯ ಸೋಸದ ನೀರನ್ನು ನಳದ ನೀರಿಗೆ ಬೆರೆಸಿದ್ದು ಬಯಲಾಯಿತು. ನೀರಿನ ವಿಷಯದಲ್ಲಿ ಒಂದು ಊರಿನ ತಪ್ಪು ಆ ಊರಿನಲ್ಲೇ ನಿಲ್ಲುವುದಿಲ್ಲ ಎನ್ನುವುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು.

ಆಗ ಈ ಪ್ರದೇಶ ಸೇರಿದ್ದ ಪ್ರಷ್ಯಾ ರಾಜ್ಯದ 1904ರ ಕಾಯಿದೆ ಸಂಘಕ್ಕೆ ಹಲ್ಲು ಕೊಟ್ಟಿತು. ನನ್ನ ದೃಷ್ಟಿಯಲ್ಲಿ ಈ ಇಡೀ ಕಥೆಯ ಕೀಲು ಇಲ್ಲಿದೆ. ಸದಸ್ಯತ್ವ ಕಡ್ಡಾಯ, ಬೇಡವೆಂದು ಹೊರನಡೆಯುವಂತಿಲ್ಲ. ನದಿಗೆ ಎಷ್ಟು ಹಾನಿ ಮಾಡುತ್ತೀರಿ, ಕಾಮಗಾರಿಯಿಂದ ನಿಮಗೆಷ್ಟು ಲಾಭ ಎಂಬ ಎರಡು ಅಳತೆಗಳಿಂದ ಪ್ರತಿ ಸದಸ್ಯನ ವಂತಿಗೆ ನಿಗದಿಯಾಗುತ್ತದೆ. ನೆಲ ಕುಸಿಯುವಂತೆ ಮಾಡಿದ ಗಣಿಗೆ ಒಂದು ಪಾಲು, ಕೊಳಚೆ ಬಿಡುವ ನಗರಕ್ಕೆ ಒಂದು ಪಾಲು. ಸಭೆಯಲ್ಲಿ ಮತದ ತೂಕ ವಂತಿಗೆಯ ಮೇಲೆ ನಿಲ್ಲುತ್ತದೆ. ಲೆಕ್ಕ ತಪ್ಪಾಗಿದೆ ಎನ್ನುವವರು ಮೇಲ್ಮನವಿ ಸಮಿತಿಗೆ ಹೋಗಬಹುದು, ಆದರೆ ಕೆಲಸ ನಿಲ್ಲಿಸುವಂತಿಲ್ಲ. ಹೆಚ್ಚು ಕೊಡುವವನಿಗೆ ಹೆಚ್ಚು ಮತ ಎಂಬ ನಿಯಮದಿಂದ ಗಣಿ ಕಂಪನಿಗಳ ಕೈ ಮೇಲಾಯಿತು ಎಂಬ ಟೀಕೆ ನ್ಯಾಯವಾದದ್ದೇ. ಆದರೂ ಆ ಕಂಪನಿಗಳಿಂದ ಹಣ ಹೊರಬಂದದ್ದು ಇದೇ ನಿಯಮದಿಂದ.

ಕಾಮಗಾರಿಯ ಮೊದಲ ಪ್ರಶ್ನೆ, ಒಳಚರಂಡಿಯನ್ನು ನೆಲದಡಿ ಯಾಕೆ ಹೂಳಬಾರದು ಎನ್ನುವುದು. ನೆಲ ಕುಸಿಯುತ್ತಲೇ ಇರುವ ಕಡೆ ಕೊಳವೆ ಹೂತರೆ ಕೀಲುಗಳು ಬಿಟ್ಟುಕೊಳ್ಳುತ್ತವೆ, ಇಳಿಜಾರು ತಿರುಗಿಬಿಡುತ್ತದೆ, ಎಲ್ಲಿ ಒಡೆದಿದೆ ಎಂದು ತಿಳಿಯುವಷ್ಟರಲ್ಲಿ ಕೊಳಚೆ ಅಂತರ್ಜಲ ಸೇರಿರುತ್ತದೆ. ಕೆಲವೆಡೆ ನೆಲ 20 ಮೀಟರಿಗೂ ಹೆಚ್ಚು ಇಳಿದಿದೆ. ಆದ್ದರಿಂದ ನದಿಯನ್ನೇ ನೇರ ಮಾಡಿ, ತಳವನ್ನು ತಗ್ಗಿಸಿ, ಕಾಂಕ್ರೀಟಿನ ಹಲಗೆ ಹಾಸಿ ತೆರೆದ ಮೋರಿ ಮಾಡಿದರು. ನೆಲ ಕುಸಿದರೆ ಹಲಗೆ ಎತ್ತಿ ಮತ್ತೆ ಹೊಂದಿಸಬಹುದು, ದಂಡೆಯ ಏರಿ ಎತ್ತರಿಸಬಹುದು. ರೈನ್ ಸೇರುವ ಜಾಗವನ್ನೂ ಇಳಿಜಾರು ಹುಡುಕುತ್ತ ಎರಡು ಸಲ ಉತ್ತರಕ್ಕೆ ಸರಿಸಿದರು, 1910ರಲ್ಲಿ ಒಮ್ಮೆ, 1949ರಲ್ಲಿ ಇನ್ನೊಮ್ಮೆ. ಕೆಳಗಿಳಿದ ತಗ್ಗುಗಳಿಂದ ನೀರು ತಾನಾಗಿ ಹೊರಹೋಗದ ಕಡೆ ಪಂಪ್‌ಹೌಸ್‌ಗಳು ಬಂದವು. ಸುತ್ತ ಬೇಲಿ ಹಾಕಿದರು, ಬಿದ್ದವರು ಜಾರುವ ಹಲಗೆ ಹತ್ತಿ ಮೇಲೆ ಬರುವುದು ಕಷ್ಟವಾಗಿತ್ತು. ಜನ ಅದನ್ನು ಆಡುಮಾತಿನಲ್ಲಿ ಮಲದ ಹಳ್ಳ ಎಂದೇ ಕರೆದರು.

ಸಂಘದ ಎಂಜಿನಿಯರ್ ಕಾರ್ಲ್ ಇಮ್‌ಹಾಫ್ ಇದೇ ಕಾಲದಲ್ಲಿ ಎರಡಂತಸ್ತಿನ ತೊಟ್ಟಿಯೊಂದನ್ನು ರೂಪಿಸಿದರು. ಮೇಲಿನ ಅಂತಸ್ತಿನಲ್ಲಿ ಕೊಳಚೆ ನಿಧಾನ ಹರಿಯುತ್ತದೆ. ಗಟ್ಟಿ ಭಾಗ ಇಳಿಜಾರು ತಳದ ಸಂದಿಯಿಂದ ಕೆಳಗಿನ ಕೋಣೆಗೆ ಜಾರಿ ತಿಂಗಳುಗಟ್ಟಲೆ ಕೊಳೆತು ಕರಗುತ್ತದೆ. ಕೆಳಗೆ ಏಳುವ ಅನಿಲ ಮೇಲಿನ ನೀರಿಗೆ ನುಗ್ಗದಂತೆ ಸಂದಿಯ ಅಂಚುಗಳು ಒಂದರ ಮೇಲೊಂದು ಚಾಚಿಕೊಂಡಿರುತ್ತವೆ. ಯಂತ್ರ ಬೇಡ, ವಿದ್ಯುತ್ ಬೇಡ. ಕರ್ನಾಟಕದ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಮ್‌ಹಾಫ್ ಟ್ಯಾಂಕ್ ಎಂದು ಓದುವುದು ಇದನ್ನೇ. ಎಮ್ಷರ್ ದಂಡೆಯಲ್ಲಿ ಅದರ ಹೆಸರು ಎಮ್ಷರ್ ಬಾವಿ.

ಭೂಮಿಯ ವಿಷಯದಲ್ಲೂ ಇದೇ ಪಾಠ ಪುನರಾವರ್ತನೆಯಾಯಿತು. ಮೊದಲ ಮಹಾಯುದ್ಧದ ಪರಿಹಾರವಾಗಿ ಕಲ್ಲಿದ್ದಲು ಕೊಡಬೇಕಿದ್ದ ಜರ್ಮನಿಗೆ ಗಣಿಗಳಿಗೆ ಒಂದೂವರೆ ಲಕ್ಷ ಹೊಸ ಕಾರ್ಮಿಕರು, ಅವರ ಕುಟುಂಬಗಳಿಗೆ ಮನೆಗಳು ಬೇಕಾದವು. ಅದಕ್ಕಾಗಿ 1920ರ ಮೇ 5ರ ಕಾಯಿದೆಯಿಂದ ರೂರ್ ಕಲ್ಲಿದ್ದಲು ವಲಯದ ವಸತಿ ಒಕ್ಕೂಟ ಹುಟ್ಟಿತು. ಅದರ ಮೊದಲ ನಿರ್ದೇಶಕ ರಾಬರ್ಟ್ ಷ್ಮಿಟ್ ರಸ್ತೆಗಳ ಜಾಗ ಕಾದಿರಿಸಿದರು. ಊರಿಗೂ ಊರಿಗೂ ನಡುವೆ ಉತ್ತರ ದಕ್ಷಿಣವಾಗಿ ಹಸಿರು ಪಟ್ಟಿಗಳನ್ನು ಕಟ್ಟಡಗಳಿಂದ ಉಳಿಸಿದರು. ಇವತ್ತು ಅಲ್ಲಿ ಕಾಣುವ ಮರಗಳ ಸಾಲಿಗೆ ನೂರು ವರ್ಷದ ಹಿಂದಿನ ಆ ಗೆರೆಗಳೇ ಕಾರಣ. 1975ರಲ್ಲಿ ರಾಜ್ಯ ಸರ್ಕಾರ ಈ ಒಕ್ಕೂಟದ ಯೋಜನಾ ಅಧಿಕಾರ ಕಿತ್ತು ಮೂರು ಆಡಳಿತ ವಿಭಾಗಗಳಿಗೆ ಕೊಟ್ಟಿತು, 2009ರಲ್ಲಿ ಮರಳಿಸಿತು. ಆ 34 ವರ್ಷ ನಕ್ಷೆ ಮೂರು ಕಡೆ ಬರೆದುದು ದೊಡ್ಡ ತಪ್ಪು, ಯಾಕೆಂದರೆ ಗಣಿ ಮುಚ್ಚಿದ ಜಾಗಕ್ಕೆ ಹೊಸ ಬಳಕೆ ಹುಡುಕಬೇಕಾಗಿದ್ದ ಕಾಲ ಅದೇ.

ಕಲ್ಲಿದ್ದಲಿನ ಬಿಕ್ಕಟ್ಟು ಶುರುವಾದದ್ದು 1958ರಲ್ಲಿ. ಅಗ್ಗದ ತೈಲ, ಆಮದಾದ ಕಲ್ಲಿದ್ದಲು ಎರಡೂ ಒಟ್ಟಿಗೆ ಬಂದವು. ಆಗ ಸುಮಾರು ಐದು ಲಕ್ಷ ಜನ ಗಣಿಗಳಲ್ಲಿದ್ದರು. 1968ರಲ್ಲಿ ಹೆಚ್ಚಿನ ಗಣಿಗಳನ್ನು ಒಂದೇ ಕಡೆ ಸೇರಿಸಲು ರೂರ್‌ಕೋಲೆ ಎಂಬ ಕಂಪನಿ ಕಟ್ಟಿದರು. ಕೊನೆಯ ಗಣಿ, ಬೋಟ್ರೋಪ್‌ನ ಪ್ರೋಸ್ಪರ್ ಹಾನಿಯೆಲ್, 2018ರ ಡಿಸೆಂಬರ್ 21ರಂದು ಮುಚ್ಚಿತು. ಅರವತ್ತು ವರ್ಷದ ಈ ಇಳಿತದಲ್ಲಿ ಹೊಸ ಉದ್ಯಮ ಬರಲು ಮೊದಲ ಅಡ್ಡಿ ಭೂಮಿ. ಗಣಿ ಮತ್ತು ಉಕ್ಕಿನ ಕಂಪನಿಗಳು ತಮ್ಮ ಖಾಲಿ ಜಾಗ ಮಾರಲೊಪ್ಪಲಿಲ್ಲ; ಹೊಸ ಕಾರ್ಖಾನೆ ಬಂದರೆ ತಮ್ಮ ಕೆಲಸಗಾರರು ಅಲ್ಲಿಗೆ ಹೋಗುತ್ತಾರೆ, ಕೂಲಿ ಏರುತ್ತದೆ ಎಂಬ ಲೆಕ್ಕ ಅವರದು. ಮಾರಿದ ಜಾಗದ ಮಣ್ಣಿನಲ್ಲಿ ಕಲ್ಲಿದ್ದಲು ಕಾಯಿಸಿ ಕೋಕ್ ಮಾಡುವ ಕುಲುಮೆಯ ಡಾಂಬರಿನ ವಿಷ ಬೇರೆ. ಪ್ರದೇಶದ ಬಿಕ್ಕಟ್ಟು ಚರ್ಚಿಸಲು ಸೇರಿದ 1979ರ ರೂರ್ ಸಮಾವೇಶದ ನಂತರ ರಾಜ್ಯ ಸರ್ಕಾರ ಭೂನಿಧಿ ಮಾಡಿ ಜಾಗ ತಾನೇ ಕೊಂಡು, ಮಣ್ಣು ಶುಚಿ ಮಾಡಿ, ಆಮೇಲೆ ಹಂಚತೊಡಗಿತು.

ನಡುವೆ ಶಿಕ್ಷಣ ಬಂತು. 1965ರವರೆಗೆ ಈ ಐವತ್ತು ಲಕ್ಷಕ್ಕೂ ಹೆಚ್ಚು ಜನರ ಪ್ರದೇಶದಲ್ಲಿ ಪೂರ್ಣ ಪ್ರಮಾಣದ ಒಂದು ವಿಶ್ವವಿದ್ಯಾಲಯವೂ ಇರಲಿಲ್ಲ; ಆ ವರ್ಷ ಬೋಖುಮ್‌ನಲ್ಲಿ ಪಾಠ ಶುರುವಾಯಿತು, 1968ರಲ್ಲಿ ಡಾರ್ಟ್‌ಮುಂಡ್.

ಕಡ್ಡಾಯ ಇಲ್ಲದ ಕಡೆ ಏನಾಯಿತು ಎನ್ನುವುದಕ್ಕೆ ಟ್ರಾಮ್ ಹಳಿ ನೋಡಬೇಕು. ಎಸೆನ್ ಮತ್ತು ಬೋಖುಮ್‌ನ ಟ್ರಾಮ್‌ಗಳು ಒಂದು ಮೀಟರ್ ಅಗಲದ ಹಳಿಯಲ್ಲಿ ಓಡುತ್ತವೆ, ಡ್ಯೂಸ್‌ಬುರ್ಗ್ ಮತ್ತು ಡಾರ್ಟ್‌ಮುಂಡ್‌ನವು 1,435 ಮಿಲಿಮೀಟರಿನ ಹಳಿಯಲ್ಲಿ. ನಡುವೆ ಸಿಕ್ಕ ಮ್ಯೂಲ್‌ಹೈಮ್‌ನಲ್ಲಿ ಎರಡೂ ಇವೆ. 1969ರಲ್ಲಿ ಎಲ್ಲವನ್ನೂ ದೊಡ್ಡ ಹಳಿಗೆ ತಂದು ಒಂದೇ ನಗರ ರೈಲು ಜಾಲ ಕಟ್ಟಲು ಜಂಟಿ ಸಂಸ್ಥೆ ಮಾಡಿದರು. ಸುರಂಗ ತೋಡುವ ಖರ್ಚು ಏರಿತು, ಪ್ರತಿ ಊರೂ ತನ್ನ ಪೇಟೆಯ ತುಂಡನ್ನು ಮೊದಲು ಕಟ್ಟಿಸಿಕೊಂಡಿತು, ಊರೂರನ್ನು ಜೋಡಿಸಬೇಕಿದ್ದ ತುಂಡುಗಳು ಕಾಗದದಲ್ಲೇ ಉಳಿದವು. ಎಸೆನ್‌ನ ಕೆಲವು ನಿಲ್ದಾಣಗಳಲ್ಲಿ ಎರಡು ಅಳತೆಯ ಗಾಡಿಗಳೂ ಬರುತ್ತವೆ, ಪ್ಲಾಟ್‌ಫಾರ್ಮ್‌ನ ಎತ್ತರವೂ ಎರಡು. ಆದದ್ದು ಟಿಕೆಟ್ ಮಾತ್ರ: 1980ರ ಜನವರಿ 1ರಿಂದ ಪ್ರದೇಶದ ಹೆಚ್ಚಿನ ಭಾಗದ ರೈಲು, ಬಸ್ಸು, ಟ್ರಾಮ್‌ಗೆ ಒಂದೇ ದರಪಟ್ಟಿ.

ಇನ್ನು ನದಿಯ ಕಡೆಗೆ. ಗಣಿಗಾರಿಕೆ ಉತ್ತರಕ್ಕೆ ಸರಿದಂತೆ ಎಮ್ಷರ್ ಬಯಲಿನ ನೆಲ ಕುಸಿಯುವುದು ನಿಂತಿತು. ಕೊಳವೆ ಹೂಳಲು ಇದ್ದ ಅಡ್ಡಿ ಹೋಯಿತು. 1989ರಿಂದ 1999ರವರೆಗೆ ಯೋಜನಾತಜ್ಞ ಕಾರ್ಲ್ ಗಾನ್ಸರ್ ನಡೆಸಿದ ಎಮ್ಷರ್ ಪಾರ್ಕ್ ಕಟ್ಟಡ ಪ್ರದರ್ಶನ, ಅಂದರೆ ಪ್ರದೇಶವನ್ನು ಹೊಸದಾಗಿ ಕಟ್ಟುವ ಹತ್ತು ವರ್ಷದ ಯೋಜನೆ, 17 ಊರುಗಳನ್ನು ಸೇರಿಸಿ ನದಿಯನ್ನು ಮರಳಿ ನದಿ ಮಾಡುವ ಮಾತೆತ್ತಿತು. ಸಂಘ 1990ರ ದಶಕದ ಆರಂಭದಲ್ಲಿ ಕೈಹಾಕಿದ ಕೆಲಸದಿಂದ 2021ರ ಕೊನೆಗೆ ನದಿಗೆ ಕೊಳಚೆ ಬೀಳುವುದು ನಿಂತಿತು. ಖರ್ಚು ಸುಮಾರು 5.5 ಬಿಲಿಯನ್ ಯೂರೋ.

ಕೆಲಸದ ಕ್ರಮ ಮುಖ್ಯ. ಮೊದಲು ಶುದ್ಧೀಕರಣ ಘಟಕಗಳು, ಆಮೇಲೆ ಹಳ್ಳಗಳ ಪಕ್ಕದ ಒಳಚರಂಡಿ, ಕೊನೆಗೆ ಕಾಂಕ್ರೀಟ್ ಕೀಳುವುದು. ಮೊದಲೇ ಕಾಂಕ್ರೀಟ್ ಕಿತ್ತಿದ್ದರೆ ಕೊಳಚೆ ಮಣ್ಣಿಗೆ ಇಂಗುತ್ತಿತ್ತು. ಇಡೀ ಜಾಲದ ಬೆನ್ನೆಲುಬು ಡಾರ್ಟ್‌ಮುಂಡ್‌ನಿಂದ ಡಿನ್ಸ್‌ಲಾಕೆನ್‌ವರೆಗಿನ 51 ಕಿಲೋಮೀಟರ್ ಉದ್ದದ ಕೊಳವೆ, ವ್ಯಾಸ 1.6ರಿಂದ 2.8 ಮೀಟರ್. ಅದರ ಇಳಿಜಾರು ಕಿಲೋಮೀಟರಿಗೆ ಒಂದೂವರೆ ಮೀಟರ್. ಅದಕ್ಕಿಂತ ಕಡಿಮೆ ಇಟ್ಟರೆ ಕೆಸರು ತಳ ಹಿಡಿದು ಕೊಳೆಯುತ್ತದೆ, ಏಳುವ ಹೈಡ್ರೋಜನ್ ಸಲ್ಫೈಡ್ ಕಾಂಕ್ರೀಟನ್ನೇ ತಿನ್ನುತ್ತದೆ. ಆದರೆ 51 ಕಿಲೋಮೀಟರಿಗೆ ಈ ಇಳಿಜಾರು ಕೂಡಿದರೆ 76 ಮೀಟರಿಗೂ ಹೆಚ್ಚಾಯಿತು, ಮೇಲಿನ ಬಯಲು ಅಷ್ಟು ಇಳಿಯುವುದೇ ಇಲ್ಲ. ಹಾಗಾಗಿ ಕೊಳವೆ ಎಂಟು ಮೀಟರ್ ಆಳದಿಂದ ನಲವತ್ತರವರೆಗೆ ಹೋಗುತ್ತದೆ. ಗೆಲ್ಸೆನ್‌ಕಿರ್ಷೆನ್, ಬೋಟ್ರೋಪ್, ಓಬರ್‌ಹೌಸೆನ್‌ನ ಮೂರು ಪಂಪ್‌ಹೌಸ್‌ಗಳು ನೀರನ್ನು ಮೇಲೆತ್ತುತ್ತವೆ. ಓಬರ್‌ಹೌಸೆನ್‌ನದು ಸೆಕೆಂಡಿಗೆ 16,500 ಲೀಟರ್‌ವರೆಗೆ ಎತ್ತಬಲ್ಲದು. 2022ರಲ್ಲಿ ರೈನ್ ಸೇರುವ ಕಡೆ ಇದ್ದ ಆರು ಮೀಟರಿನ ಕಾಂಕ್ರೀಟ್ ಜಿಗಿತವನ್ನೂ ತೆಗೆದು, ಮೀನು ಹತ್ತಿ ಬರುವಂಥ ಅಗಲವಾದ ಮುಖಜ ಭೂಮಿ ಮಾಡಿದರು.

ಇಷ್ಟಾದರೂ ಕುಸಿದ ನೆಲ ಮೇಲೇಳುವುದಿಲ್ಲ. ಎಮ್ಷರ್ ಜಲಾನಯನದ ಸುಮಾರು ಶೇ 40 ಭಾಗ ತಗ್ಗು. ಪಂಪು ನಿಂತರೆ ಅಲ್ಲಿನ ಬೀದಿ, ನೆಲಮಾಳಿಗೆಗಳು ಕೆರೆಯಾಗುತ್ತವೆ. ಮುಚ್ಚಿದ ಗಣಿಗಳೊಳಗೆ ಏರುವ ಉಪ್ಪುನೀರನ್ನೂ ಎತ್ತಲೇಬೇಕು, ಇಲ್ಲವಾದರೆ ಅದು ಕುಡಿಯುವ ನೀರಿನ ಪದರ ಮುಟ್ಟುತ್ತದೆ. ಜರ್ಮನರು ಇದನ್ನು ಕಾಯಂ ಕೆಲಸ, ಅಂದರೆ ಎಂದಿಗೂ ಮುಗಿಯದ ಕೆಲಸ ಎನ್ನುತ್ತಾರೆ. ಇದರ ಹಣಕ್ಕಾಗಿ 2007ರಲ್ಲಿ ಪ್ರತಿಷ್ಠಾನವೊಂದನ್ನು ಕಟ್ಟಿ, ಗಣಿ ಕಂಪನಿಯ ರಾಸಾಯನಿಕ ಉದ್ಯಮದ ಷೇರುಗಳನ್ನು ಅದಕ್ಕೆ ಕೊಟ್ಟರು. 2019ರಿಂದ ಪಂಪುಗಳ ಖರ್ಚು ಆ ಬಂಡವಾಳದ ಆದಾಯದಿಂದ ಬರುತ್ತಿದೆ.