ಒದೆತಕ್ಕೂ ಒಂದು ಲೆಕ್ಕವಿದೆ

ಗಾಳಿಯಲ್ಲಿ ಹಾರುವ ಮಣ್ಣಿನ ಬಿಲ್ಲೆಯನ್ನು ಕೋವಿಯಿಂದ ಹೊಡೆದು ಒಡೆಯುವ ಆಟ ಕಲಿಯಲು ಹೋದ ಮೊದಲ ದಿನ ನನ್ನ ಕೈಗೆ ಬಂದದ್ದು ಹಗುರವಾದ ಒಂದು ಹಳೇ ಕೋವಿ. ಜೊತೆಗೆ 32 ಗ್ರಾಂ ಸೀಸದ ಗುಂಡು ತುಂಬಿದ ತೋಟಾ. ಹೊಸಬರಿಗೆ ಹಗುರದ್ದೇ ವಾಸಿ ಅನ್ನುವುದು ಕೊಟ್ಟವರ ಲೆಕ್ಕ. ನನ್ನದೂ ಒಂದು ಜಾಣತನವಿತ್ತು. ಕೋವಿಗೂ ಭುಜಕ್ಕೂ ನಡುವೆ ಒಂದು ಬೆರಳಿನಷ್ಟು ಸಂದು ಬಿಟ್ಟುಕೊಂಡೆ. ಗುಂಡು ಹಾರಿದಾಗ ಕೋವಿ ಹಿಂದಕ್ಕೆ ಒದ್ದರೆ ಆ ಸಂದಿನಲ್ಲೇ ತೀರಿಹೋಗಲಿ ಅಂತ. ಟ್ರಿಗರ್ ಎಳೆದೆ. ಬಿಲ್ಲೆ ಆರಾಮಾಗಿ ಹಾರಿಹೋಗಿ ಹುಲ್ಲಿನ ಮೇಲೆ ಕೂತಿತು. ನನ್ನ ಭುಜ ಮಾತ್ರ ಮಾರನೇ ದಿನ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

ಅವರ ಲೆಕ್ಕವೂ ತಪ್ಪು, ನನ್ನ ಜಾಣತನವೂ ತಪ್ಪು. ಯಾಕೆ ಅಂತ ತಿಳಿಯಲು ಹೈಸ್ಕೂಲಿನ ಭೌತವಿಜ್ಞಾನ ಸಾಕು. ಆದರೂ ಕೋವಿ ಹಿಡಿದು ವರ್ಷಗಳಾದವರು ಕೂಡ ಒದೆತದ ಮಾತು ಬಂದರೆ ದೆವ್ವದ ಕತೆ ಹೇಳಿದ ಹಾಗೆ ಹೇಳುತ್ತಾರೆ. 'ಗಟ್ಟಿ ಆಳಾದ್ರೆ ಒದೆಯೋದೇ ಗೊತ್ತಾಗಲ್ಲ.' 'ಜಾಸ್ತಿ ಒದ್ರೆ ಹೊಡೆತವೂ ಜೋರು.' ಇಂಥವನ್ನು ಕೇಳಿ ಕೇಳಿ ನನಗೆ ಸಾಕಾಗಿದೆ.

ಮೊದಲು ತೋಟಾ ನೋಡೋಣ. ಈ ಆಟದಲ್ಲಿ ಹೆಚ್ಚು ಬಳಕೆಯಲ್ಲಿರುವುದು 12 ಬೋರ್ ಕೋವಿ. ಈ 12 ಇಂಚೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡ್ ಸೀಸದಲ್ಲಿ ಸಮನಾದ 12 ಗುಂಡು ಮಾಡಿದರೆ ಅದರಲ್ಲೊಂದು ಸರಿಯಾಗಿ ಹಿಡಿಸುವ ನಳಿಗೆ ಅಂತ ಅರ್ಥ. ವ್ಯಾಸ ಸುಮಾರು 18.5 ಮಿ.ಮೀ. ಅದಕ್ಕೇ 20 ಬೋರ್ ಅಂದರೆ 12 ಬೋರಿಗಿಂತ ಸಣ್ಣದು. ತೋಟಾದ ತಳದಲ್ಲಿ ಒಂದೂವರೆ ಗ್ರಾಂ ಆಸುಪಾಸಿನ ಮದ್ದು. ಅದರ ಮೇಲೆ ವಾಡ್ ಅನ್ನುವ ಪುಟ್ಟ ಪ್ಲಾಸ್ಟಿಕ್ ಲೋಟ. ಲೋಟದ ತುಂಬ ಸೀಸದ ಸಣ್ಣ ಸಣ್ಣ ಗುಂಡು, ಅಂದರೆ ಚರೆ. ಈ ಆಟದ ಒಲಿಂಪಿಕ್ ಬಗೆಗಳಾದ ಟ್ರ್ಯಾಪ್, ಸ್ಕೀಟ್ ಎರಡರಲ್ಲೂ ಚರೆಯ ತೂಕ 24 ಗ್ರಾಂ, 24.5 ದಾಟುವಂತಿಲ್ಲ. ಹಿಂದೆ 32 ಇತ್ತು, ಆಮೇಲೆ 28ಕ್ಕೆ ಇಳಿಯಿತು, ಈಗ 24.

ಒಮ್ಮೆ ಒಂದು 24 ಗ್ರಾಂ ತೋಟಾದ ಚರೆಯನ್ನು ತಟ್ಟೆಗೆ ಸುರಿದು ಎಣಿಸಲು ಕೂತಿದ್ದೆ. ಒಂದೊಂದೂ 2.4 ಮಿ.ಮೀ. ದಪ್ಪ. ಲೆಕ್ಕದ ಪ್ರಕಾರ 300ರ ಹತ್ತಿರ ಇರಬೇಕು. ಎರಡು ಸಲ ಎಣಿಸಿದೆ, ಎರಡು ಸಲವೂ ಬೇರೆ ಬೇರೆ ಸಂಖ್ಯೆ ಬಂತು. ಒಂದೆಡೆ ನಿಲ್ಲುವುದಿಲ್ಲ, ಉರುಳುತ್ತಲೇ ಇರುತ್ತವೆ. ಬೆರಳೆಲ್ಲ ಕಪ್ಪಾಗುತ್ತದೆ. ಸೀಸ ವಿಷ, ಸೋಪು ಹಾಕಿ ಕೈ ತೊಳೆಯದೆ ಏನನ್ನೂ ಬಾಯಿಗೆ ಹಾಕಬಾರದು.

ಇನ್ನು ಬಿಲ್ಲೆ. 110 ಮಿ.ಮೀ. ಅಗಲ, 105 ಗ್ರಾಂ ತೂಕ, ಬೋರಲು ಹಾಕಿದ ತಟ್ಟೆಯ ಆಕಾರ. ಹೆಸರಿಗೆ ಮಣ್ಣಿನದು. ಈಗ ಮಾಡುವುದು ಸುಣ್ಣಕಲ್ಲಿನ ಪುಡಿಗೆ ಡಾಂಬರಿನಂಥ ಅಂಟು ಬೆರೆಸಿ. ಈ ಆಟ ಹುಟ್ಟಿದ್ದು ನಿಜವಾದ ಪಾರಿವಾಳಗಳ ಮೇಲೆ ಅನ್ನುವುದು ಬೇಸರದ ಸಂಗತಿ. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಜೀವಂತ ಪಾರಿವಾಳ ಹಾರಿಸಿ ಹೊಡೆದರು. ಬೆಲ್ಜಿಯಂನ ಲಿಯೋನ್ ಡಿ ಲುಂಡೆನ್ 21 ಹಕ್ಕಿ ಉರುಳಿಸಿ ಗೆದ್ದ. ವಿಚಿತ್ರ ಅಂದರೆ, ಅಷ್ಟು ಹೊತ್ತಿಗೆ ಬಿಲ್ಲೆ ಬಂದು 20 ವರ್ಷವಾಗಿತ್ತು. ಅದಕ್ಕೂ ಮೊದಲು ಗಾಜಿನ ಚೆಂಡು ಎಸೆದು ಹೊಡೆಯುತ್ತಿದ್ದರು. ಮೈದಾನದ ತುಂಬ ಗಾಜಿನ ಚೂರು. 1880ರಲ್ಲಿ ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೌಸ್ಕಿ ಸುಟ್ಟ ಮಣ್ಣಿನ ಬಿಲ್ಲೆ ತಂದ. ನೀರಿನ ಮೇಲೆ ಚಪ್ಪಟೆ ಕಲ್ಲು ಕಪ್ಪೆಯ ಹಾಗೆ ಕುಪ್ಪಳಿಸುವುದನ್ನು ನೋಡಿ ಹೊಳೆದದ್ದಂತೆ. ಮೊದಮೊದಲ ಬಿಲ್ಲೆಗಳು ಎಷ್ಟು ಗಟ್ಟಿ ಅಂದರೆ ಚರೆ ತಾಗಿದರೆ ಗಂಟೆಯ ಹಾಗೆ ಠಣ್ ಅನ್ನುತ್ತಿದ್ದವೇ ಹೊರತು ಒಡೆಯುತ್ತಿರಲಿಲ್ಲ. ಈಗಿನದು ಹಾಗಲ್ಲ. ನಾಲ್ಕಾರು ಚರೆ ಸರಿಯಾಗಿ ಬಿದ್ದರೆ ಪುಡಿ.

ಈಗ ಒದೆತಕ್ಕೆ ಬರೋಣ. 24 ಗ್ರಾಂ ಚರೆ, ಜೊತೆಗೆ ಎರಡೂವರೆ ಗ್ರಾಂ ವಾಡ್, ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಮುಂದಕ್ಕೆ ಹೋಗುತ್ತವೆ. ಹಿಂದಿನಿಂದ ಸುಟ್ಟ ಮದ್ದಿನ ಹೊಗೆ ಇನ್ನೂ ಜೋರಾಗಿ ನುಗ್ಗುತ್ತದೆ. ತೂಕವನ್ನು ವೇಗದಿಂದ ಗುಣಿಸಿದರೆ ಸಂವೇಗ. ಎಲ್ಲ ಕೂಡಿದರೆ ಸುಮಾರು 12. ಏಕಮಾನ ತಲೆಗೆ ಹಚ್ಚಿಕೊಳ್ಳಬೇಡಿ, 12 ಅಂತಿಟ್ಟುಕೊಳ್ಳಿ. ಮುಂದಕ್ಕೆ 12 ಹೋದರೆ ಹಿಂದಕ್ಕೂ 12 ಬರಲೇಬೇಕು. ಕೋವಿಯ ತೂಕ 3.6 ಕಿಲೋ ಇದ್ದರೆ ಅದು ಸೆಕೆಂಡಿಗೆ 3.3 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಅಂಗಾತ ಮಲಗಿದ್ದೀರಿ, ಅದೇ ಕೋವಿ ಒಂದೂಮುಕ್ಕಾಲು ಅಡಿ ಎತ್ತರದಿಂದ ಭುಜದ ಮೇಲೆ ಬಿತ್ತು ಅಂದುಕೊಳ್ಳಿ. ಅಷ್ಟೇ ಏಟು. ಶಕ್ತಿಯ ಲೆಕ್ಕದಲ್ಲಿ 20 ಜೂಲ್.

ನನ್ನ ಮೊದಲ ದಿನಕ್ಕೆ ಇದೇ ಲೆಕ್ಕ ಹಾಕಿ. 32 ಗ್ರಾಂ ಚರೆಗೆ ಸಂವೇಗ ಹದಿನಾಲ್ಕೂವರೆ. ಕೋವಿ 2.8 ಕಿಲೋ. ಹಿಂದಕ್ಕೆ ಬಂದ ವೇಗ ಸೆಕೆಂಡಿಗೆ 5.2 ಮೀಟರ್, ಶಕ್ತಿ 37 ಜೂಲ್‌ಗೂ ಮೇಲೆ. ಹತ್ತಿರಹತ್ತಿರ ಎರಡರಷ್ಟು! ಹೊತ್ತು ತಿರುಗಲು ಹಗುರವಾದ ಕೋವಿ, ಹಾರಿಸಲು ಭಾರವಾಗುವುದು ಹೀಗೆ. ಹೊಸಬರಿಗೆ ಕೊಡಬೇಕಾದದ್ದು ತೂಕದ ಕೋವಿ, ಹಗುರ ತೋಟಾ. ತಿರುಗಾಮುರುಗಾ ಅಲ್ಲ.

'ಜಾಸ್ತಿ ಒದ್ರೆ ಜೋರು' ಅನ್ನುವವರು ಸಂವೇಗವನ್ನೂ ಶಕ್ತಿಯನ್ನೂ ಒಂದೇ ಅಂದುಕೊಂಡಿದ್ದಾರೆ. ಮುಂದೆ ಹೋದ ಚರೆಯ ಶಕ್ತಿ ಸುಮಾರು 1,900 ಜೂಲ್. ಹಿಂದೆ ಬಂದ ಕೋವಿಯದು 20. ಸಂವೇಗ ಮಾತ್ರ ಎರಡೂ ಕಡೆ ಸಮ. ಇದನ್ನು ಚೆನ್ನಾಗಿ ಅರಿತಿದ್ದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ಗುಂಡಿನ ವೇಗ ಅಳೆಯುವ ಗಡಿಯಾರ ಅವನ ಕಾಲದಲ್ಲಿ ಎಲ್ಲಿತ್ತು? ದಪ್ಪ ಮರದ ದಿಮ್ಮಿಯನ್ನು ತೊಟ್ಟಿಲ ಹಾಗೆ ತೂಗುಹಾಕಿ ಅದಕ್ಕೆ ಗುಂಡು ಹೊಡೆದ. ಗುಂಡಿನ ಶಕ್ತಿಯ ಬಹುಪಾಲು ಮರ ಸೀಳಿ, ಬಿಸಿಯಾಗಿ ಕಳೆದುಹೋಗುತ್ತದೆ. ಸಂವೇಗ ಕಳೆಯುವುದಿಲ್ಲ. ದಿಮ್ಮಿ ಎಷ್ಟು ತೂಗಿತು ನೋಡಿ ಗುಂಡಿನ ವೇಗ ಕಂಡುಹಿಡಿದ. ಇದನ್ನು ಪ್ರಕಟಿಸಿದ್ದು 1742ರಲ್ಲಿ. ಇಷ್ಟು ವರ್ಷವಾದರೂ ಸಿನಿಮಾದವರಿಗೆ ಸುದ್ದಿ ಮುಟ್ಟಿಲ್ಲ. ಗುಂಡು ಬಿದ್ದವನು ಹತ್ತಡಿ ಹಿಂದಕ್ಕೆ ಹಾರಿ ಕಿಟಕಿ ಒಡೆದುಕೊಂಡು ಬೀಳುತ್ತಾನೆ, ಹೊಡೆದವನ ಕೂದಲೂ ಅಲ್ಲಾಡಿರುವುದಿಲ್ಲ. 70 ಕಿಲೋ ಮನುಷ್ಯನಿಗೆ 12 ಸಂವೇಗ ಕೊಟ್ಟರೆ ಅವನು ಸೆಕೆಂಡಿಗೆ 17 ಸೆಂಟಿಮೀಟರ್ ಸರಿಯಬಹುದು. ನಾವು ಸುಮ್ನೆ ನಡೆದಾಡುವ ವೇಗದ ಏಳೆಂಟನೇ ಒಂದು ಪಾಲು.

ಒದೆತದ ಮೊತ್ತ ಬದಲಾಗದು ಅಂದಮೇಲೆ ಏನು ಮಾಡುವುದು? ಇದು ನನಗೆ ತುಂಬ ಇಷ್ಟದ ಭಾಗ, ಸ್ವಲ್ಪ ಎಳೆಯುತ್ತೇನೆ. ಒದೆತ ಒಂದು ಸಾಲ. ಅಸಲು ತೀರಿಸಲೇಬೇಕು. ಆದರೆ ಒಂದೇ ಗಂಟಿನಲ್ಲಿ ಕೊಡುತ್ತೀರೋ ಕಂತಿನಲ್ಲಿ ಕಟ್ಟುತ್ತೀರೋ ನಿಮಗೆ ಬಿಟ್ಟದ್ದು. ಕ್ರಿಕೆಟ್ಟಿನಲ್ಲಿ ಕ್ಯಾಚ್ ಹಿಡಿಯುವವರು ಚೆಂಡಿನ ಜೊತೆಗೇ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರಲ್ವಾ? ಅದೇ ಕಂತು. ಗೋಡೆಯಿಂದ ಹಾರುವಾಗ ಮಂಡಿ ಮಡಿಸುತ್ತೇವೆ, ಅದೂ ಕಂತೇ. ಕೋವಿಯ 20 ಜೂಲ್ ಎರಡು ಸೆಂಟಿಮೀಟರಿನಲ್ಲಿ ನಿಲ್ಲಬೇಕಾದರೆ ಭುಜದ ಮೇಲೆ ಸರಾಸರಿ 100 ಕಿಲೋ ಭಾರ ಒತ್ತಿದ ಹಾಗೆ. ನಾಲ್ಕು ಸೆಂಟಿಮೀಟರಿನಲ್ಲಿ ನಿಂತರೆ 50 ಕಿಲೋ. ಕೋವಿಯ ಹಿಂತುದಿಯ ರಬ್ಬರ್ ಪ್ಯಾಡ್ ಮಾಡುವುದು ಇಷ್ಟನ್ನೇ. ಗ್ಯಾಸಿನಿಂದ ನಡೆಯುವ ಸೆಮಿ ಆಟೊಮ್ಯಾಟಿಕ್ ಕೋವಿ ಮೆತ್ತಗೆ ಒದೆಯುವುದೂ ಇದಕ್ಕೇ. ಒಳಗಿನ ಬಿಡಿಭಾಗಗಳು ಹಿಂದೆ ಮುಂದೆ ಓಡಾಡುವಷ್ಟು ಹೊತ್ತು ಕಂತು ಉದ್ದವಾಗುತ್ತದೆ. ಒದೆತ ಕಡಿಮೆಯಾಯಿತು ಅಂತ ಜಾಹೀರಾತು ಹೇಳಿದರೆ, ತೆಳುವಾಗಿ ಹರಡಿತು ಅಂತ ಓದಿಕೊಳ್ಳಿ.

ನನ್ನ ಒಂದು ಬೆರಳಿನ ಸಂದು ಮಾಡಿದ್ದು ಇದರ ಉಲ್ಟಾ. ಭುಜಕ್ಕೆ ಗಟ್ಟಿಯಾಗಿ ಒತ್ತಿಕೊಂಡಿದ್ದರೆ ಮೊದಲ ಕ್ಷಣದಿಂದಲೇ ಭುಜ, ಎದೆ, ಬೆನ್ನು ಎಲ್ಲ ಕೋವಿಯ ಜೊತೆ ಸೇರಿ ಹಿಂದಕ್ಕೆ ಹೋಗುತ್ತವೆ. ಸಂದು ಬಿಟ್ಟರೆ ಕೋವಿ ಒಂಟಿಯಾಗಿ ಪೂರ್ತಿ ವೇಗ ಪಡೆದುಕೊಂಡು ಬಂದು ಸುತ್ತಿಗೆಯ ಹಾಗೆ ಬಡಿಯುತ್ತದೆ. ಬಾಗಿಲನ್ನು ಕೈಯಿಟ್ಟು ನೂಕುವುದಕ್ಕೂ ಗುದ್ದುವುದಕ್ಕೂ ಎಷ್ಟು ವ್ಯತ್ಯಾಸ, ಅಷ್ಟು.

ಕೋವಿ ಹಿಂದಕ್ಕಷ್ಟೇ ಬರುವುದಿಲ್ಲ, ಮೂತಿಯನ್ನೂ ಎತ್ತುತ್ತದೆ. ನಳಿಗೆ ಮೇಲಿದೆ, ಭುಜ ತಡೆಯುವ ಜಾಗ ಕೆಳಗಿದೆ. ಈ ಅಂತರ ಹೆಚ್ಚಿದಷ್ಟೂ ಕೋವಿ ತಿರುಗಿ ಸ್ಟಾಕ್, ಅಂದರೆ ಭುಜಕ್ಕಿಡುವ ಹಿಂಭಾಗ, ಕೆನ್ನೆಗೆ ಬಾರಿಸುತ್ತದೆ. ಒಂದರ ಮೇಲೊಂದು ನಳಿಗೆ ಇರುವ ಕೋವಿಯಲ್ಲಿ ಸಾಮಾನ್ಯವಾಗಿ ಮೊದಲು ಕೆಳಗಿನದನ್ನು ಹಾರಿಸುವುದು ಇದಕ್ಕೇ. ಅದು ಭುಜದ ಮಟ್ಟಕ್ಕೆ ಹತ್ತಿರ, ಮೂತಿ ಕಡಿಮೆ ಏಳುತ್ತದೆ, ಎರಡನೇ ಗುಂಡಿಗೆ ಕಣ್ಣು ಬೇಗ ಸಿದ್ಧ. ಸ್ಟಾಕಿನ ಉದ್ದ, ಕೆನ್ನೆ ಕೂರುವ ಎತ್ತರ ಮೈಗೆ ಸರಿಹೊಂದದಿದ್ದರೆ ಯಾವ ರಬ್ಬರೂ ಉಳಿಸುವುದಿಲ್ಲ.

ಹಾಗಾದರೆ ದೊಡ್ಡ ತೋಟಾದಿಂದ ಸಿಗುವುದೇನು? 32 ಗ್ರಾಂನಲ್ಲಿ ನೂರು ಚರೆ ಹೆಚ್ಚು. ದೂರದ ಬಿಲ್ಲೆಗೆ ಒಂದೆರಡು ಚರೆ ಹೆಚ್ಚಿಗೆ ತಾಗಬಹುದು. ಗುರಿ ಸರಿ ಇದ್ದವರಿಗೆ ಅದು ಬೇಕಿಲ್ಲ, ಗುರಿ ಒಂದು ಮೊಳ ತಪ್ಪಿದವರಿಗೆ ಅದರಿಂದ ಉಪಯೋಗವಿಲ್ಲ. ವೇಗದ ತೋಟಾದ ಹುಚ್ಚೂ ಹೀಗೇ. ಸೆಕೆಂಡಿಗೆ 365 ಮೀಟರ್ ಬದಲು 400 ಮೀಟರ್ ಅಂದರೆ 35 ಮೀಟರ್ ದೂರದಲ್ಲಿ ಉಳಿಯುವುದು ಏಳೆಂಟು ಮಿಲಿಸೆಕೆಂಡ್. ಅಷ್ಟರಲ್ಲಿ ಅಡ್ಡಲಾಗಿ ಹಾರುವ ಬಿಲ್ಲೆ ಒಂದು ಗೇಣೂ ಸಾಗಿರುವುದಿಲ್ಲ. ಕೋವಿಯ ಒದೆತದ ಶಕ್ತಿ ಮಾತ್ರ ಸುಮಾರು ಐದನೇ ಒಂದು ಪಾಲು ಏರಿರುತ್ತದೆ.

ಇಷ್ಟೆಲ್ಲ ಆದಮೇಲೆ ಒಂದು ತಮಾಷೆ. ಒದೆತದಿಂದ ಗುರಿ ತಪ್ಪುತ್ತದೆ ಅಂತಾರಲ್ಲ, ಚರೆ ನಳಿಗೆ ದಾಟಲು ಬೇಕಾದದ್ದು ಮೂರು ಮಿಲಿಸೆಕೆಂಡ್ ಆಸುಪಾಸು. ಅಷ್ಟು ಹೊತ್ತಿಗೆ ಕೋವಿ ಹಿಂದಕ್ಕೆ ಬಂದಿರುವುದು ಐದಾರು ಮಿಲಿಮೀಟರ್. ಭುಜಕ್ಕೆ ನೋವು ಗೊತ್ತಾಗುವಾಗ ಚರೆ ಯಾವತ್ತೋ ಹೋಗಿದೆ. ಗುರಿ ಕೆಡಿಸುವುದು ಈಗಿನ ಒದೆತವಲ್ಲ, ಮುಂದಿನ ಒದೆತದ ಭಯ. ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ, ಭುಜ ಮುಂದಕ್ಕೆ ದೂಡುತ್ತದೆ, ಮೂತಿ ಕೆಳಗಿಳಿಯುತ್ತದೆ. ಇದರಲ್ಲಿ ಶಬ್ದದ ಪಾಲೂ ದೊಡ್ಡದು. ಸದ್ದು 150 ಡೆಸಿಬೆಲ್ ದಾಟುತ್ತದೆ. ಕಿವಿ ಮುಚ್ಚದೆ ಹಾರಿಸಿದವರು ಭುಜವನ್ನು ಬೈಯುತ್ತಾರೆ. ಈ ಬೆಚ್ಚುವಿಕೆ ಕೈಗೇ ಅಂಟಿಕೊಂಡ ಕೆಲವು ಅಮೆರಿಕದ ಟ್ರ್ಯಾಪ್ ಆಟಗಾರರು ಎಳೆದಾಗ ಹಾರದೆ, ಬಿಟ್ಟಾಗ ಹಾರುವ ಟ್ರಿಗರ್ ಹಾಕಿಸಿಕೊಳ್ಳುತ್ತಾರೆ.

ನಾನು ಬೆಚ್ಚುವುದಿಲ್ಲ ಅಂತ ಬಹಳ ದಿನ ವಾದಿಸಿದ್ದೆ. ಒಂದು ದಿನ ಗೆಳೆಯರೊಬ್ಬರು ತಾವೇ ತೋಟಾ ತುಂಬಿ ಕೋವಿ ಕೊಟ್ಟರು. ಮದ್ದಿಲ್ಲದ ಒಂದು ಡಮ್ಮಿಯನ್ನು ನಡುವೆ ಸೇರಿಸಿದ್ದು ನನಗೆ ಗೊತ್ತಿರಲಿಲ್ಲ. ಬಿಲ್ಲೆ ಹಾರಿಸಲು ಕೂಗಿದೆ, ಅದು ಹಾರಿತು, ಟ್ರಿಗರ್ ಎಳೆದೆ. ಟಿಕ್ ಅಂದಿತು, ಅಷ್ಟೇ. ಸದ್ದಿಲ್ಲ, ಹೊಗೆಯಿಲ್ಲ, ಒದೆತವಿಲ್ಲ. ಕೋವಿಯ ಮೂತಿ ಮಾತ್ರ ತನ್ನಷ್ಟಕ್ಕೆ ಒಂದು ಗೇಣು ಕೆಳಗೆ ಬಾಗಿತ್ತು. ಎಡಗಣ್ಣು ಇನ್ನೂ ಬಿಗಿಯಾಗಿ ಮುಚ್ಚಿತ್ತು. ಪಕ್ಕದಲ್ಲಿ ನಿಂತಿದ್ದವರು ಏನೂ ಹೇಳದೆ ಹುಲ್ಲಿನ ಮೇಲೆ ಇಡಿಯಾಗಿ ಬಿದ್ದಿದ್ದ ಬಿಲ್ಲೆಯ ಕಡೆಗೆ ನೋಡುತ್ತಿದ್ದರು.