ಚಿನ್ನದ ಲೈಕಾ ತರುವವರಿಗೆ

ಕಾಸರಗೋಡಿನಲ್ಲಿ ಹಳೆಯ ಕ್ಯಾಮೆರಾ ರಿಪೇರಿ ಮಾಡುವ ನನ್ನ ಮೇಜಿಗೆ ಒಂದೇ ಬಗೆಯ ವಸ್ತು ಮತ್ತೆ ಮತ್ತೆ ಬರುತ್ತದೆ. ಹೊಂಬಣ್ಣದ ಮೈ, ನೆತ್ತಿಯಲ್ಲಿ ಜರ್ಮನಿಯ ಹೆಸರಾಂತ ಕ್ಯಾಮೆರಾ ಲೈಕಾದ ಹೆಸರಿನ ಕೆತ್ತನೆ, ಪಕ್ಕದಲ್ಲಿ 1936ರ ಬರ್ಲಿನ್ ಒಲಿಂಪಿಕ್ಸ್‌ನ ಗುರುತು. ಹೆಚ್ಚಾಗಿ ಗಲ್ಫಿನಿಂದ ಬಂದ ಮಗನೋ ಅಳಿಯನೋ ತಂದುಕೊಟ್ಟದ್ದು. ‘ಇದರಲ್ಲಿ ಎಷ್ಟು ಪವನು ಚಿನ್ನ ಇದ್ದೀತು?’ ಎನ್ನುವುದು ಮೊದಲ ಪ್ರಶ್ನೆ. ‘ಲಿಮಿಟೆಡ್ ಎಡಿಷನ್ ಅಲ್ಲವೇ, ಕೋಟಿಗೆ ಹೋಗುತ್ತದಲ್ಲ?’ ಎನ್ನುವುದು ಎರಡನೆಯದು.

ಕೋಟಿಯ ಮಾತು ಹುಟ್ಟಿದ್ದು 2022ರ ಹರಾಜಿನಿಂದ. ಲೈಕಾದ ಜನಕ ಆಸ್ಕರ್ ಬಾರ್ನಾಕ್ ಸ್ವತಃ ಬಳಸಿದ 105ನೇ ನಂಬರಿನ ಕ್ಯಾಮೆರಾ ಅಂದು 1 ಕೋಟಿ 44 ಲಕ್ಷ ಯೂರೋಗೆ ಹೋಯಿತು. ಅದಕ್ಕೆ ಚಿನ್ನದ ಲೇಪವೇ ಇಲ್ಲ! ಬೆಲೆ ಬಂದದ್ದು ಅದು ಯಾರ ಕೈಯಲ್ಲಿತ್ತು ಎಂಬುದಕ್ಕೆ ದಾಖಲೆ ಇದ್ದುದರಿಂದ.

ಚಿನ್ನದ ಲೈಕಾ ಇಲ್ಲವೆಂದು ನಾನು ಹೇಳುತ್ತಿಲ್ಲ. 1929ರಿಂದ 1931ರ ನಡುವೆ ‘ಲಕ್ಸಸ್’ ಎಂಬ ಹೆಸರಿನಲ್ಲಿ ಸುಮಾರು 95 ತಯಾರಾದವು. ಆದರೆ ಅವು ಮೊದಲ ಮಾದರಿಯವು. ದಯವಿಟ್ಟು ಇಲ್ಲಿ ನಿಧಾನವಾಗಿ ಓದಿ. ಆ ಮಾದರಿಯ ಲೆನ್ಸ್ ಮೈಗೇ ಕೂಡಿಕೊಂಡಿರುತ್ತದೆ, ತಿರುಗಿಸಿ ಬಿಚ್ಚಲು ಬರುವುದಿಲ್ಲ. ದೂರ ಅಳೆಯುವ ರೇಂಜ್‌ಫೈಂಡರ್ ಕೂಡ ಅದರಲ್ಲಿಲ್ಲ. ಲೈಕಾಕ್ಕೆ ಅದು ಬಂದದ್ದೇ 1932ರಲ್ಲಿ. ನಿಮ್ಮ ಕ್ಯಾಮೆರಾದ ನೆತ್ತಿಯ ಮುಂಭಾಗದಲ್ಲಿ ಮೂರು ಪುಟ್ಟ ಕಿಟಕಿಗಳಿದ್ದರೆ, ಲೆನ್ಸ್ ತಿರುಗಿಸಿದಾಗ ಕಳಚಿ ಬಂದರೆ, ಅದು ಆ 95ರಲ್ಲಿ ಒಂದಲ್ಲ.

ಲೆನ್ಸ್ ಕಳಚಿದಿರಿ ಎಂದಿಟ್ಟುಕೊಳ್ಳಿ. ಟಾರ್ಚ್ ಹಿಡಿದು ಆ ರಂಧ್ರದ ಒಳಗೆ, ಮೇಲ್ಭಾಗಕ್ಕೆ ನೋಡಿ. ಒಂದು ಸಣ್ಣ ಲೋಹದ ತೋಳು ಕಾಣುತ್ತದೆ. ಲೈಕಾದಲ್ಲಿ ಅದರ ತುದಿಗೆ ಉರುಟು ಚಕ್ರ ಇರುತ್ತದೆ. ಚಕ್ರದ ಬದಲು ಬೆಣೆಯಂತೆ ಚಪ್ಪಟೆ ತುದಿ ಕಂಡರೆ, ಅದು ಹಾರ್ಕಿವ್‌ನಲ್ಲಿ 1934ರಿಂದ ತಯಾರಾದ ಫೆಡ್, ಇಲ್ಲವೇ ಕ್ರಾಸ್ನೊಗೋರ್ಸ್ಕ್‌ನ ಜೋರ್ಕಿ. ಎರಡೂ ಲೈಕಾವನ್ನು ನೋಡಿ ನಕಲು ಮಾಡಿದ ಸೋವಿಯತ್ ಕ್ಯಾಮೆರಾಗಳು. ಹಳೆಯ ಸೋವಿಯತ್ ಕ್ಯಾಮೆರಾದ ಹೆಸರನ್ನು ಉಜ್ಜಿ ತೆಗೆದು, ಲೈಕಾ ಎಂದು ಕೆತ್ತಿ, ಹೊಂಬಣ್ಣ ಕೊಟ್ಟು ಮಾರುವುದು ದೊಡ್ಡ ದಂಧೆ. ಇಷ್ಟಕ್ಕೂ 1936ರ ಒಲಿಂಪಿಕ್ಸ್‌ಗೆಂದು ಲೈಕಾ ಕಂಪನಿ ಚಿನ್ನದ ಕ್ಯಾಮೆರಾ ಹೊರತಂದೇ ಇಲ್ಲ.

ಚಕ್ರ ಇದ್ದ ಮಾತ್ರಕ್ಕೆ ಹಿಗ್ಗುವುದೂ ಬೇಡ. ಮೈ ಲೈಕಾದ್ದು ಇರಬಹುದು ಎಂದಷ್ಟೇ ಅದರ ಅರ್ಥ. ಸಾಮಾನ್ಯ ಲೈಕಾಕ್ಕೆ ಆಮೇಲೆ ಚಿನ್ನದ ನೀರು ಹಿಡಿಸಿದವರೂ ಇದ್ದಾರೆ. ಕ್ಯಾಮೆರಾದ ಮೇಲೆ ಕೆತ್ತಿದ ಯಾವ ನಂಬರು ಯಾವ ವರ್ಷದ್ದು ಎಂಬ ಪಟ್ಟಿಗೆ ತಾಳೆ ನೋಡದೆ ನಾನು ಬೆಲೆ ಹೇಳುವುದಿಲ್ಲ. ಸುಳ್ಳು ನಂಬರನ್ನೂ ಕೆತ್ತಬಹುದಾದ್ದರಿಂದ ಆಮೇಲೂ ಅಳೆದು ಸುರಿದೇ ಹೇಳುತ್ತೇನೆ.

ಬದಿಯಡ್ಕದ ನಿವೃತ್ತ ಮಾಸ್ತರರೊಬ್ಬರು ಮಗ ಶಾರ್ಜಾದಿಂದ ತಂದ ಇಂಥದ್ದೇ ಒಂದನ್ನು ತಂದಿದ್ದರು. ಬೆಣೆಯನ್ನು ಅವರಿಗೇ ತೋರಿಸಿದೆ. ಬಹಳ ಹೊತ್ತು ಮಾತಾಡಲಿಲ್ಲ. ‘ಮಗನಿಗೆ ಹೇಳಬೇಡಿ’ ಎಂದರು. ‘ಮಾಸ್ತರರೇ, ಇದರಲ್ಲಿ ಒಳ್ಳೆಯ ಫೋಟೋ ಬರುತ್ತದೆ’ ಎಂದೆ. ಅದು ಸಮಾಧಾನದ ಮಾತಲ್ಲ, ನಿಜ. ಶಟರ್ ಸರಿಪಡಿಸಿ ಕೊಟ್ಟೆ. ಅದರಲ್ಲಿ ತೆಗೆದ ಮೊಮ್ಮಗಳ ಫೋಟೋ ತೋರಿಸಲೆಂದೇ ಆಮೇಲೊಮ್ಮೆ ಬಂದಿದ್ದರು.

ನಿಜವಾದ ಸೀಮಿತ ಆವೃತ್ತಿ ನಿಮ್ಮಲ್ಲಿದ್ದರೆ, ಉದಾಹರಣೆಗೆ 1984ರಲ್ಲಿ ಕೇವಲ 2000 ತಯಾರಾದ ನಿಕಾನ್ ಎಫ್‌ಎ ಗೋಲ್ಡ್, ತರುವ ಮೊದಲು ಹುಣಸೆಹುಳಿ ಹಾಕಿ ತಿಕ್ಕಬೇಡಿ. ಪೆಟ್ಟಿಗೆ, ಬಿಲ್ಲು, ಗ್ಯಾರಂಟಿ ಕಾಗದ ಎಲ್ಲವನ್ನೂ ಜೊತೆಗೆ ತನ್ನಿ. ಮಳೆಗಾಲದಲ್ಲಿ ಅದನ್ನು ಚರ್ಮದ ಚೀಲದೊಳಗೆ ಮುಚ್ಚಿಡಬೇಡಿ. ಲೆನ್ಸಿಗೆ ಬೂಷ್ಟು ಹಿಡಿದರೆ ಸಂಗ್ರಾಹಕರು ಕೈಯಲ್ಲೂ ಮುಟ್ಟುವುದಿಲ್ಲ.