ಬೆನ್ನುಮೂಳೆಯೊಳಗಿನ ಗಾಳಿಗುಳ್ಳೆ

ಕುತ್ತಿಗೆ ನೋವಿಗೆಂದು ಎಂಆರ್‌ಐ ಮಾಡಿಸಿಕೊಂಡಿದ್ದ 52 ವರ್ಷದ ಶಾಲಾ ಶಿಕ್ಷಕಿಯೊಬ್ಬರು ಕಳೆದ ಮಳೆಗಾಲದಲ್ಲಿ ಫಿಲ್ಮುಗಳ ಲಕೋಟೆ ಹಿಡಿದು ನಮ್ಮ ಸ್ಕ್ಯಾನಿಂಗ್ ವಿಭಾಗಕ್ಕೆ ಬಂದಿದ್ದರು. ಕುತ್ತಿಗೆಯ ಆರನೆಯ ಕಶೇರುಖಂಡದೊಳಗೆ, ಅಂದರೆ ಬೆನ್ನುಮೂಳೆಯ ಸಾಲಿನ ಒಂದು ಮೂಳೆಯೊಳಗೆ, ಕಡಲೆಕಾಳಿನ ಗಾತ್ರದ ಕಪ್ಪು ಚುಕ್ಕೆಯೊಂದಿತ್ತು. ಬೇರೆ ಕಡೆಯಿಂದ ಬಂದಿದ್ದ ವರದಿಯ ಕೊನೆಯಲ್ಲಿ, ಕ್ಯಾನ್ಸರ್ ಹರಡಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂಬ ಸಾಲಿದ್ದು, ಅದನ್ನು ಓದಿದ ದಿನದಿಂದ ಅವರಿಗೆ ಸರಿಯಾಗಿ ನಿದ್ದೆಯಿರಲಿಲ್ಲ.

ಆ ಸಾಲು ಬರೆದವರನ್ನು ನಾನು ಪೂರ್ತಿ ದೂರಲಾರೆ. ಎಂಆರ್‌ಐ ಚಿತ್ರ ಮೂಡುವುದು ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ ನೀಡುವ ಸಂಕೇತದಿಂದ. ಅನಿಲದಿಂದ ಅಂಥ ಸಂಕೇತ ಬರುವುದಿಲ್ಲ, ದಟ್ಟವಾಗಿ ಗಟ್ಟಿಯಾದ ಮೂಳೆಯಿಂದಲೂ ಹೆಚ್ಚೇನೂ ಬರುವುದಿಲ್ಲ. ಹೀಗಾಗಿ ನಿರುಪದ್ರವಿಯಾದ ಗಾಳಿಗುಳ್ಳೆಯೂ, ಮೂಳೆಯನ್ನು ಗಟ್ಟಿಯಾಗಿಸುವ ಬಗೆಯ ಕ್ಯಾನ್ಸರ್ ಚುಕ್ಕೆಯೂ ಟಿ1, ಟಿ2 ಎಂಬ ಎರಡು ಬಗೆಯ ಎಂಆರ್‌ಐ ಚಿತ್ರಗಳಲ್ಲೂ ಒಂದೇ ರೀತಿ ಕಪ್ಪಾಗಿ ಕಾಣಿಸಬಹುದು. ಅಷ್ಟಕ್ಕೇ ನಿಲ್ಲಿಸದೆ ಅದೇ ಭಾಗಕ್ಕೆ ಒಂದು ಸಿಟಿ ಸ್ಕ್ಯಾನ್ ಮಾಡಿಸಿದ್ದರೆ ಅನುಮಾನ ಅಂದೇ ತೀರುತ್ತಿತ್ತು ಎಂಬುದಷ್ಟೇ ನನ್ನ ತಕರಾರು.

ಸಿಟಿಯಲ್ಲಿ ಸಾಂದ್ರತೆಯನ್ನು ಹೌನ್ಸ್‌ಫೀಲ್ಡ್ ಮಾನದಲ್ಲಿ ಅಳೆಯುತ್ತೇವೆ: ನೀರು ಸೊನ್ನೆ, ಗಾಳಿ ಮೈನಸ್ 1000, ಕೊಬ್ಬು ಸುಮಾರು ಮೈನಸ್ 100. ಮೃದು ಅಂಗಾಂಶಗಳಿಗೆ ಹೊಂದಿಸಿದ ಪರದೆಯಲ್ಲಿ ಕೊಬ್ಬೂ ಅನಿಲವೂ ಹೆಚ್ಚುಕಡಿಮೆ ಒಂದೇ ಕಪ್ಪಾಗಿ ಕಾಣುವುದರಿಂದ ಕಣ್ಣನ್ನು ನಂಬದೆ, ಚುಕ್ಕೆಯ ನಡುವೆ ಕರ್ಸರ್ ಇಟ್ಟು ಅಂಕಿಯನ್ನೇ ಓದಬೇಕು. ನಾವು ಮಾಡಿದ ಸಿಟಿಯಲ್ಲಿ ಈ ಶಿಕ್ಷಕಿಯ ಚುಕ್ಕೆ ಮೈನಸ್ 780 ತೋರಿಸಿತು, ಅಂದರೆ ಒಳಗಿದ್ದದ್ದು ಅನಿಲ. ಸುತ್ತಲೂ ಪೆನ್ಸಿಲ್ಲಿನಿಂದ ಎಳೆದಂತೆ ತೆಳುವಾದ ಬಿಳಿ ಅಂಚು, ಪಕ್ಕದ ಮೂಳೆಯಲ್ಲಿ ಯಾವ ಸವೆತವೂ ಇಲ್ಲ. ಮೂಳೆಯೊಳಗಿನ ಇಂಥ ನಿರುಪದ್ರವಿ ಗಾಳಿಗುಳ್ಳೆಯನ್ನು ನಾವು ನ್ಯೂಮಟೋಸಿಸ್ಟ್ ಎನ್ನುತ್ತೇವೆ.

'ನಾನು ಮೊದಲೇ ಹೇಳಿದ್ದೆನಲ್ಲ ಡಾಕ್ಟ್ರೇ, ಇದು ಗ್ಯಾಸೇ ಅಂತ' ಎಂದರು ಅವರು. ಬೆನ್ನು ಹಿಡಿದರೂ ಎದೆ ನೊಂದರೂ ವಾಯುವಿನ ಮೇಲೆ ಹೊರಿಸುವುದು ನಮ್ಮಲ್ಲಿ ರೂಢಿ. ಆದರೆ ಹೊಟ್ಟೆಯ ಗ್ಯಾಸಿಗೂ ಇದಕ್ಕೂ ಸಂಬಂಧವಿಲ್ಲ. ಬೆರಳಿನ ನೆಟಿಗೆ ಮುರಿಯುವಾಗ ಕೀಲಿನೊಳಗಿನ ಒತ್ತಡ ತಟ್ಟನೆ ಇಳಿದು, ದ್ರವದಲ್ಲಿ ಕರಗಿದ್ದ ಅನಿಲ ಗುಳ್ಳೆಯಾಗುತ್ತದೆ. ಎರಡು ಕಶೇರುಖಂಡಗಳ ನಡುವೆ ಮೆತ್ತೆಯಂತಿರುವ ಡಿಸ್ಕು ವಯಸ್ಸಿನೊಂದಿಗೆ ಒಣಗಿ ಬಿರುಕುಬಿಟ್ಟಾಗ ಅದರಲ್ಲಿಯೂ ಹೆಚ್ಚುಕಡಿಮೆ ಹೀಗೇ ಅನಿಲ ಸೇರುತ್ತದೆ, ಅದರಲ್ಲಿ ಬಹುಪಾಲು ಸಾರಜನಕ. ಸ್ವೀಡನ್ನಿನ ಎಕ್ಸ್‌ರೇ ತಜ್ಞ ಕ್ನುಟ್ಸನ್ 1942ರಲ್ಲೇ ಎಕ್ಸ್‌ರೇಯಲ್ಲಿ ಇದನ್ನು ಗುರುತಿಸಿ ಬರೆದಿದ್ದರು. ಡಿಸ್ಕಿಗೂ ಮೂಳೆಗೂ ನಡುವಿನ ತೆಳುಪದರದಲ್ಲಿ ಸಣ್ಣ ಸೀಳಿದ್ದರೆ ಆ ಅನಿಲ ಮೂಳೆಯೊಳಕ್ಕೆ ನುಸುಳುತ್ತದೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಪಕ್ಕದ ಡಿಸ್ಕು ಆರೋಗ್ಯವಾಗಿರುವಾಗಲೂ ಕೆಲವೊಮ್ಮೆ ಗುಳ್ಳೆ ಕಾಣಿಸುವುದುಂಟು. ಅಲ್ಲಿ ಈ ವಿವರಣೆ ಅಷ್ಟು ಸಲೀಸಾಗಿ ಕೂರುವುದಿಲ್ಲ.

ಮೂಳೆಯೊಳಗೆ ಕಂಡ ಅನಿಲವೆಲ್ಲ ಸಾಧುವೆಂದು ಮಾತ್ರ ಯಾರೂ ತಿಳಿಯಬಾರದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಕ್ಲೆಬ್ಸಿಯೆಲ್ಲಾ, ಇ. ಕೋಲಿಯಂಥ ಬ್ಯಾಕ್ಟೀರಿಯಾಗಳು ಮೂಳೆಗೆ ಸೋಂಕು ತಗುಲಿಸಿ ತಾವೇ ಅನಿಲ ಉತ್ಪಾದಿಸುವುದುಂಟು, ಅದು ಜೀವಕ್ಕೇ ಕುತ್ತು. ಅಲ್ಲಿ ಅಂಚುಕಟ್ಟಿದ ಒಂಟಿ ಗುಳ್ಳೆಯ ಬದಲು, ಸ್ನಾನದ ಮನೆಯ ಉಜ್ಜುಗಲ್ಲಿನ ರಂಧ್ರಗಳಂತೆ ಅಂಚಿಲ್ಲದ ಸಣ್ಣ ಸಣ್ಣ ಗುಳ್ಳೆಗಳು ಚದುರಿರುತ್ತವೆ, ಎಷ್ಟೋ ಬಾರಿ ಸುತ್ತಲಿನ ಸ್ನಾಯುಗಳಲ್ಲಿಯೂ ಅನಿಲವಿರುತ್ತದೆ, ರೋಗಿಗೆ ಜ್ವರ ಬರುತ್ತಿರುತ್ತದೆ. ವಯಸ್ಸಾದವರಲ್ಲಿ ಮೂಳೆ ಸವೆದು ಕುಸಿದ ಕಶೇರುಖಂಡದೊಳಗೆ ಅಡ್ಡಗೆರೆಯಂತೆ ಅನಿಲ ಕಂಡರೆ ಅದು ಪೆಟ್ಟಾದ ಕಶೇರುಖಂಡ ರಕ್ತ ಸಿಗದೆ ತಡವಾಗಿ ಕುಸಿಯುವ ಕ್ಯುಮೆಲ್ ಕಾಯಿಲೆಯಿರಬಹುದು. ಅದರ ದಾರಿಯೇ ಬೇರೆ.

ಸೂಜಿ ಹಾಕಿ ಗಾಳಿ ತೆಗೆಯಬಹುದೇ ಎಂದು ಶಿಕ್ಷಕಿ ಕೇಳಿದರು. ತೆಗೆಯುವ ಅಗತ್ಯವಿಲ್ಲ, ಇಂಥ ಗುಳ್ಳೆಗಳು ಸಾಮಾನ್ಯವಾಗಿ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತವೆ, ಕೆಲವು ಕ್ರಮೇಣ ದ್ರವದಿಂದ ತುಂಬಿಕೊಳ್ಳುತ್ತವೆ. ಅವರ ನೋವು ಬರುತ್ತಿದ್ದದ್ದು ಒಂದು ಬೆರಳಗಲ ಕೆಳಗಿನಿಂದ: ಆರು ಮತ್ತು ಏಳನೆಯ ಕಶೇರುಖಂಡಗಳ ನಡುವೆ ಉಬ್ಬಿದ ಡಿಸ್ಕು ಬಲಗೈಗೆ ಹೋಗುವ ನರದ ಬೇರನ್ನು ಒತ್ತುತ್ತಿತ್ತು. ಹೊಸ ವರದಿಯಲ್ಲಿ ನರದ ವಿಷಯವನ್ನು ಮೊದಲ ಸಾಲಿಗೆ ತಂದು, ಗಾಳಿಗುಳ್ಳೆಯನ್ನು ಎರಡನೆಯ ಸಾಲಿನಲ್ಲಿಟ್ಟು, ಅದಕ್ಕೆ ಬಯಾಪ್ಸಿಯೂ ಮರುಸ್ಕ್ಯಾನೂ ಬೇಕಿಲ್ಲವೆಂದು ಸ್ಪಷ್ಟವಾಗಿ ಬರೆದೆ.